ಬೆಣ್ಣೆ ಲ್ಯಾಂಡಿಂಗ್ ಶುರುವಾಗೋದು ನಾಗಮಂಗಲದ ಮೇಲೆ

ಫ್ಲೈಟ್ ಸಿಮ್ಯುಲೇಟರ್ ಆಡೋರಿಗೆಲ್ಲ ಒಂದೇ ಹುಚ್ಚು: 737, ಎ320, 777 ತರದ ದೊಡ್ಡ ವಿಮಾನವನ್ನ ಬೆಣ್ಣೆ ಹಾಗೆ ಇಳಿಸಬೇಕು. ನೆಲ ಮುಟ್ಟಿದಾಗ ಇಳಿಯೋ ವೇಗ ನಿಮಿಷಕ್ಕೆ 80 ಅಡಿ ಅಂತ ಸ್ಕ್ರೀನ್ ಮೇಲೆ ಬಂದರೆ ಸಾಕು, ಸ್ಕ್ರೀನ್‌ಶಾಟ್ ಗ್ರೂಪಿಗೆ ಹೋಗುತ್ತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಬಂದ ನಾವು ನಾಲ್ಕು ಜನ ಇದನ್ನೇ ಅಭ್ಯಾಸ ಮಾಡ್ತಿದ್ದೀವಿ. ಕಲಿತಿದ್ದನ್ನ ಇಲ್ಲಿ ಬರೀತಿದ್ದೀವಿ. ನಯವಾದ ಲ್ಯಾಂಡಿಂಗ್ ಅನ್ನೋದು ಕೊನೆಯ 30 ಅಡಿಯ ಕೈಚಳಕ ಅಲ್ಲ, ಅದಕ್ಕಿಂತ ಮುಂಚಿನ ನೂರು ಕಿಲೋಮೀಟರ್‌ನ ಫಲ.

1. ಮೂರು ಡಿಗ್ರಿ ಲೆಕ್ಕ

ವಿಮಾನಗಳು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ರನ್‌ವೇಗೆ ಬರುತ್ತವೆ. ಟ್ಯಾನ್ 3 ಅಂದರೆ 0.052. ಅಂದರೆ ಒಂದು ಕಿಲೋಮೀಟರ್ ಮುಂದೆ ಹೋದರೆ 52 ಮೀಟರ್ ಕೆಳಗೆ, ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ.

ಈಗ ನಮ್ಮೂರಿನ ಮೇಲೆ ಈ ಗೆರೆ ಎಳೆಯೋಣ. ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಕೆ.ಆರ್. ಪೇಟೆಯಿಂದ ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 145 ಕಿ.ಮೀ. ಹಾಗಾದರೆ ಪೇಟೆ ಮೇಲೆ ವಿಮಾನ ಸುಮಾರು 28,000 ಅಡಿಯಲ್ಲಿರಬೇಕು. ಅದೇ ದಾರಿಯಲ್ಲಿ ಸಿಗೋ ನಾಗಮಂಗಲದಿಂದ 110 ಕಿ.ಮೀ., ಅಲ್ಲಿ ಸುಮಾರು 22,000 ಅಡಿ. ನಿಜವಾದ ಹಾರಾಟದಲ್ಲಿ ಕಂಟ್ರೋಲರ್ ತಿರುಗಿಸ್ತಾರೆ, ಗಾಳಿ ಇರುತ್ತೆ, ವೇಗ ಇಳಿಸೋಕೂ ದೂರ ಬೇಕು. ಆದರೂ ನಾಗಮಂಗಲದ ಮೇಲೆ ಇನ್ನೂ 30,000 ಅಡಿಯಲ್ಲಿದ್ದರೆ ನೀವು ಆಗಲೇ ಲೇಟು.

ಲೇಟಾದರೆ ಏನು? ಕಬ್ಬು ತುಂಬಿದ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಬರೋದನ್ನ ನೋಡಿದೋರಿಗೆ ಹೇಳಬೇಕಿಲ್ಲ. 737-800 ಇಳಿಯೋವಾಗ 66 ಟನ್‌ವರೆಗೂ ತೂಗಬಹುದು, 777-300ಇಆರ್ 251 ಟನ್‌ವರೆಗೂ. ಮೂಗು ಕೆಳಗೆ ಮಾಡಿದರೆ ಎತ್ತರ ಕಮ್ಮಿಯಾಗುತ್ತೆ, ಆದರೆ ವೇಗ ಏರುತ್ತೆ. ಎತ್ತರದ ಶಕ್ತಿ ವೇಗದ ಶಕ್ತಿ ಆಯ್ತು, ಎಲ್ಲೂ ಹೋಗಲಿಲ್ಲ.

2. ಇಳಿಯೋ ವೇಗ

ಸುಲಭ ಸೂತ್ರ: ನೆಲದ ಮೇಲಿನ ವೇಗವನ್ನ ನಾಟ್‌ನಲ್ಲಿ ತಗೊಂಡು 5ರಿಂದ ಗುಣಿಸಿ. 140 ನಾಟ್ ಇದ್ದರೆ ನಿಮಿಷಕ್ಕೆ ಸುಮಾರು 700 ಅಡಿ. ಮಂಗಳೂರಲ್ಲಿ ಅಭ್ಯಾಸ ಮಾಡಿ ಬೆಂಗಳೂರಿಗೆ ಬಂದೋರಿಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತೆ. 3,000 ಅಡಿ ಎತ್ತರದಲ್ಲಿ ಗಾಳಿ ತೆಳು. ಮೀಟರ್ 140 ತೋರಿಸಿದರೂ ನಿಜವಾದ ವೇಗ ಸುಮಾರು 148. ನೆಲ ಬೇಗ ಬರುತ್ತೆ.

3. ಸಾವಿರ ಅಡಿಯ ಬಾಗಿಲು

ರನ್‌ವೇಯಿಂದ 1,000 ಅಡಿ ಮೇಲೆ (ಬೆಂಗಳೂರಲ್ಲಿ ಆಲ್ಟಿಮೀಟರ್ ಸುಮಾರು 4,000 ತೋರಿಸುತ್ತೆ) ಐದು ಪ್ರಶ್ನೆ ಕೇಳ್ಕೊಳ್ಳಿ:

- ಚಕ್ರ ಇಳಿದಿದೆಯಾ, ಫ್ಲ್ಯಾಪ್ ಲ್ಯಾಂಡಿಂಗ್‌ಗೆ ಬಂದಿದೆಯಾ?
- ರನ್‌ವೇ ನಡುಗೆರೆಗೆ ನೇರ ಇದ್ದೀವಾ?
- ವೇಗ ಅಪ್ರೋಚ್ ವೇಗದ ಹತ್ತಿರ ಇದೆಯಾ?
- ಇಳಿಯೋ ವೇಗ ನಿಮಿಷಕ್ಕೆ 1,000 ಅಡಿ ಒಳಗಿದೆಯಾ?
- ಎಂಜಿನ್ ಐಡಲ್‌ಗಿಂತ ಮೇಲಿದೆಯಾ?

ಒಂದಕ್ಕೆ 'ಇಲ್ಲ' ಬಂದರೂ ಗೋ-ಅರೌಂಡ್. ಥ್ರಸ್ಟ್ ಕೊಟ್ಟು ಮೇಲೇರಿ, ಮತ್ತೆ ಬನ್ನಿ. ಇದು ಸೋಲಲ್ಲ.

ಈ ಪ್ರಶ್ನೆಗಳು ಆಟದ ನಿಯಮ ಅಷ್ಟೇ ಅಂದ್ಕೊಬೇಡಿ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಬರುವಾಗ ಎಂಜಿನ್‌ಗಳು ಐಡಲ್‌ನಲ್ಲೇ ಇದ್ದವು, ವೇಗ ಕುಸಿಯಿತು. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ತಿ ಬಲಕ್ಕೆ ಬರೋಕೆ ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ. ವಿಮಾನ ರನ್‌ವೇಗಿಂತ ಮುಂಚೆಯೇ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಜನ ತೀರಿಕೊಂಡರು.

4. ಕೊನೆಯ 30 ಅಡಿ

737, ಎ320 ಆದರೆ 30ರಿಂದ 20 ಅಡಿಯಲ್ಲಿ ಮೂಗನ್ನ ಎರಡು-ಮೂರು ಡಿಗ್ರಿ ಮೇಲೆತ್ತಿ, ಥ್ರಸ್ಟ್ ಕಮ್ಮಿ ಮಾಡಿ. ಎ320 ತಾನೇ 'ರಿಟಾರ್ಡ್' ಅಂತ ಕೂಗಿ ನೆನಪಿಸುತ್ತೆ. ಇನ್ನೂ ದೊಡ್ಡ ವಿಮಾನಕ್ಕೆ ಸ್ವಲ್ಪ ಮೇಲೆಯೇ ಶುರು ಮಾಡಿ. ಕಣ್ಣು ಮೂಗಿನ ಮುಂದಿನ ನೆಲದ ಮೇಲೆ ಬೇಡ, ರನ್‌ವೇಯ ದೂರದ ತುದಿ ಮೇಲಿರಲಿ. ಆಗ ಮಾತ್ರ ನೆಲ ಎಷ್ಟು ಬೇಗ ಏರಿ ಬರ್ತಿದೆ ಅಂತ ತಿಳಿಯುತ್ತೆ.

ಇನ್ನಷ್ಟು ನಯ ಬೇಕು ಅಂತ ಮೂಗು ಹಿಡಿದುಕೊಂಡೇ ಇರಬೇಡಿ. 140 ನಾಟ್ ಅಂದರೆ ಸೆಕೆಂಡಿಗೆ 72 ಮೀಟರ್. ಹತ್ತು ಸೆಕೆಂಡ್ ತೇಲಿದರೆ 720 ಮೀಟರ್ ರನ್‌ವೇ ಹೋಯ್ತು. ರನ್‌ವೇಯ ಮೊದಲ ಮೂರನೇ ಒಂದು ಭಾಗ ಅಥವಾ 900 ಮೀಟರ್, ಯಾವುದು ಕಮ್ಮಿಯೋ ಅದರೊಳಗೆ ಚಕ್ರ ಮುಟ್ಟಬೇಕು. ಮಳೆಯಲ್ಲಂತೂ ಸ್ವಲ್ಪ ಗಟ್ಟಿಯಾಗಿ ಇಳಿಯೋದೇ ಸರಿ. ನೀರಿನ ಪದರ ಒಡೆದು ಟೈರ್ ನೆಲ ಹಿಡಿಯಬೇಕಲ್ಲ.

ಮಂಗಳೂರಿನಲ್ಲಿ 2010ರ ಮೇ 22ರಂದು ಆಗಿದ್ದು ಈ ಲೆಕ್ಕವೇ. ಗುಡ್ಡದ ಮೇಲಿನ ರನ್‌ವೇ ಸುಮಾರು 2,450 ಮೀಟರ್. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ತುಂಬಾ ಎತ್ತರದಿಂದ ಬಂದು, ಸುಮಾರು 1,585 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಗೋ-ಅರೌಂಡ್ ಮಾಡಿ ಅಂತ ಸಹಪೈಲಟ್ ಮೂರು ಸಲ ಹೇಳಿದ್ದರು ಅಂತ ತನಿಖೆ ಹೇಳುತ್ತೆ. 158 ಜನ ಹೋದರು, ಉಳಿದವರು 8 ಜನ.

5. ಅಭ್ಯಾಸ

ಮೊದಲು ಬೆಂಗಳೂರು: 4,000 ಮೀಟರ್ ರನ್‌ವೇ, ಪಶ್ಚಿಮದಿಂದ ನಾಗಮಂಗಲದ ಮೇಲೆ ಬನ್ನಿ. ಆಮೇಲೆ ಮಂಗಳೂರು, ಮಳೆ ಹಾಕಿ. ಶ್ರೀರಂಗಪಟ್ಟಣಕ್ಕೆ ಹತ್ತಿರ ಅಂತ ಮೈಸೂರಿನ ಮಂಡಕಳ್ಳಿಗೆ 777 ತರಬೇಡಿ. ಅಲ್ಲಿರೋದು 1,740 ಮೀಟರ್, ಅದು ಎಟಿಆರ್‌ಗೆ ಸರಿ.

ಪ್ರತಿ ಸಲ ಮೂರು ಅಂಕಿ ಬರೆದಿಡಿ: ಸಾವಿರ ಅಡಿಯಲ್ಲಿ ವೇಗ ಎಷ್ಟಿತ್ತು, ಚಕ್ರ ಮುಟ್ಟಿದ್ದು ಎಷ್ಟು ಮೀಟರ್‌ಗೆ, ಮುಟ್ಟಿದಾಗ ಇಳಿಯೋ ವೇಗ ಎಷ್ಟು. ಮೊದಲ ಎರಡು ಸರಿ ಬಂದರೆ ಮೂರನೆಯದು ತಾನಾಗೇ 200ರ ಹತ್ತಿರ ಬರುತ್ತೆ. ಹತ್ತು ಸಲದಲ್ಲಿ ಒಂದು ಸಲನಾದ್ರೂ ಬೇಕಂತಲೇ ಗೋ-ಅರೌಂಡ್ ಮಾಡಿ. ಬಿಟ್ಟು ಮೇಲೇರೋದಕ್ಕೂ ಕೈ ಪಳಗಬೇಕು.