ಅಮ್ಮನ ಮಿಕ್ಸಿಗೆ ಬಿಸಿಲ ಸ್ನಾನ

ಪ್ರಶ್ನೆ: ಅಮ್ಮನ ಕಾಲದ ಬಿಳಿ ಮಿಕ್ಸಿ ಹಳದಿಯಾಗಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಪೇಂಟ್ ಹೊಡೆಸಲೇ?
– ಓದುಗರು, ಮರ್ಫಿ ಟೌನ್

ಉತ್ತರ: ಪೇಂಟ್ ಬೇಡ, ಉಜ್ಜುವುದನ್ನೂ ನಿಲ್ಲಿಸಿ. ಇದು ಕೊಳೆಯಲ್ಲ. ಮಿಕ್ಸಿಯ ಹೊರಕವಚದ ಎಬಿಎಸ್ ಎಂಬ ಪ್ಲಾಸ್ಟಿಕ್ಕು ಬೆಳಕು, ಶಾಖ, ಗಾಳಿಗೆ ಸಿಕ್ಕು ಹಲವು ವರ್ಷಗಳಲ್ಲಿ ಬಣ್ಣಗೆಡುತ್ತದೆ. ಹಳೆಯ ಕಂಪ್ಯೂಟರ್ ಪ್ರಿಯರು 2008ರ ಸುಮಾರಿಗೆ ಕಂಡುಕೊಂಡ ಮದ್ದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅತಿನೇರಳೆ ಕಿರಣ. ಎರಡನೆಯದು ನಿಮ್ಮ ತಾರಸಿಯಲ್ಲೇ ಪುಕ್ಕಟೆ ಸಿಗುತ್ತದೆ.

ಮೊದಲು ಮೆಕ್ಯಾನಿಕ್ ಕೈಲಿ ಮೋಟಾರು, ವೈರು ಬಿಚ್ಚಿಸಿ. ಹೊರಕವಚವನ್ನು ಸೋಪಿನ ನೀರಲ್ಲಿ ತೊಳೆದು ಒಗ್ಗರಣೆಯ ಜಿಡ್ಡು ತೆಗೆಯಿರಿ. ಹೆಸರಿನ ಅಚ್ಚಿನ ಮೇಲೆ ಟೇಪ್ ಅಂಟಿಸಿ. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ಕೂದಲಿಗೆ ಬಳಸುವ 12% ಪೆರಾಕ್ಸೈಡ್ ಕ್ರೀಮನ್ನು ಬ್ರಷ್ಷಿನಿಂದ ಸಮನಾಗಿ ಹಚ್ಚಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡಿ. ಗಂಟೆಗೊಮ್ಮೆ ತಿರುಗಿಸಿ. ಕ್ರೀಮ್ ಒಣಗಿದರೆ ಪಟ್ಟೆ ಪಟ್ಟೆಯಾಗುತ್ತದೆ, ಒಣಗುವ ಮೊದಲೇ ಮತ್ತೆ ಹಚ್ಚಿ. ನಾಲ್ಕೈದು ಗಂಟೆಯ ಬಳಿಕ ತೊಳೆದು ನೋಡಿ. ಸಾಲದಿದ್ದರೆ ಇನ್ನೊಂದು ದಿನ.

ಕೈಗವಸು, ಕನ್ನಡಕ ಮರೆಯಬೇಡಿ, ಕ್ರೀಮ್ ತಗುಲಿದರೆ ಚರ್ಮ ಸುಡುತ್ತದೆ. ಮಕ್ಕಳನ್ನು ದೂರವಿಡಿ. ಬರೀ ಅರಿಶಿನದ ಕಲೆಯಾದರೆ ಕ್ರೀಮೇ ಬೇಡ, ಬಿಸಿಲೊಂದೇ ಸಾಕು. ಬೇಕಲೈಟ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಹಳೆಯ ಕಂದು ರೇಡಿಯೊಗೆ ಈ ಪ್ರಯೋಗ ಬೇಡವೇ ಬೇಡ.

ಒಂದು ಮಾತು: ಕೆಲವು ವರ್ಷಗಳಲ್ಲಿ ಹಳದಿ ಮತ್ತೆ ಮರಳಬಹುದು. ಮಿಕ್ಸಿಯನ್ನು ಕಿಟಕಿಯಿಂದ, ಒಲೆಯಿಂದ ದೂರವಿಟ್ಟರೆ ತಡವಾಗಿ ಮರಳುತ್ತದೆ, ಅಷ್ಟೇ.