ಲೇಖನಿ ನಿಂತಾಗ ಮನಸ್ಸು ಮಾಡುವ ಕೆಲಸ

ಕಾದಂಬರಿಯೊಂದನ್ನು ಬರೆಯತೊಡಗಿದ ಕಾಲೇಜು ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಮೊದಲ ನಾಲ್ಕು ಅಧ್ಯಾಯಗಳು ಸರಾಗವಾಗಿ ಸಾಗಿವೆ. ಐದನೆಯದರಲ್ಲಿ ಕಥಾನಾಯಕಿ ತವರನ್ನು ಬಿಟ್ಟು ಹೊರಡಬೇಕೆ, ಬೇಡವೆ ಎಂಬುದು ತೋಚದೆ ಲೇಖನಿ ನಿಂತಿದೆ. ಆಕೆ ಕಿಟಕಿಯಾಚೆ ನೋಡುತ್ತ ಕುಳಿತರೆ ಮನೆಯವರು “ಸುಮ್ಮನೆ ಕೂತಿದ್ದಾಳೆ” ಎನ್ನುವರು. ಆಕೆಗೂ ಹಾಗೆಯೇ ಅನ್ನಿಸಿ, ನಾಚಿಕೊಂಡು, ಪಕ್ಕದಲ್ಲಿರುವ ಮೊಬೈಲನ್ನು ಕೈಗೆತ್ತಿಕೊಳ್ಳುವಳು. ಹೀಗೆ ಸುಮ್ಮನೆ ಕೂರುವುದು ಕೆಲಸವೋ ಸೋಮಾರಿತನವೋ? ಈ ಪ್ರಶ್ನೆಗೆ ವಿಜ್ಞಾನವು ಯಾವ ಉತ್ತರವನ್ನು ಕೊಡುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

ಸೇತುವೆಯ ಮೇಲೆ ಒಂದು ಗಂಟೆ

ಇಂಗ್ಲೆಂಡಿನ ಕಾದಂಬರಿಕಾರ ಆಂತೊನಿ ಟ್ರಾಲೊಪ್ (1815–1882) ಬಹುಕಾಲ ಅಂಚೆ ಇಲಾಖೆಯ ನೌಕರನಾಗಿದ್ದವನು. ತನ್ನ ಬರವಣಿಗೆಯ ಕ್ರಮವನ್ನು ಅವನು ಆತ್ಮಕಥೆಯಲ್ಲಿ ವಿವರಿಸಿದ್ದಾನೆ. ಮುಂಜಾನೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುವುದು ಅವನ ಪದ್ಧತಿಯಾಗಿತ್ತು. ಹೀಗೆ ಅವನು ಒಟ್ಟು 47 ಕಾದಂಬರಿಗಳನ್ನು ರಚಿಸಿದನು. ಇಷ್ಟನ್ನೇ ಕೇಳಿದವರಿಗೆ, ಕಾದಂಬರಿ ಬರೆಯುವುದು ರಾಟೆಯಿಂದ ನೂಲು ತೆಗೆದಷ್ಟೇ ಸುಲಭವಾದ ಕೆಲಸವೆಂದು ತೋರಬಹುದು.

ಆದರೆ ಅದೇ ಆತ್ಮಕಥೆಯಲ್ಲಿ ಇನ್ನೊಂದು ಸಂಗತಿಯೂ ಉಂಟು. ಬೇಸಿಗೆಯ ಒಂದು ಸಂಜೆ, ಇಲಾಖೆಯ ಕೆಲಸದ ಮೇಲೆ ಸಾಲ್ಸ್‌ಬರಿ ಪಟ್ಟಣಕ್ಕೆ ಹೋಗಿದ್ದಾಗ, ಅಲ್ಲಿನ ದೊಡ್ಡ ಇಗರ್ಜಿಯ ಸುತ್ತ ಅಲೆಯುತ್ತಿದ್ದ ಅವನ ಮನಸ್ಸಿನಲ್ಲಿ ಒಂದು ಕಥೆ ಅಂಕುರಿಸಿತು. ಅಲ್ಲಿಯ ಚಿಕ್ಕ ಸೇತುವೆಯೊಂದರ ಮೇಲೆ ಒಂದು ಗಂಟೆ ಕಾಲ ನಿಂತು, ಆ ಕಥೆಯಲ್ಲಿ ಬರುವ ವೃದ್ಧಾಶ್ರಮವು ಎಲ್ಲಿರಬೇಕೆಂಬುದನ್ನು ಮನಸ್ಸಿನಲ್ಲಿಯೇ ಗೊತ್ತುಮಾಡಿಕೊಂಡನು. ಬರೆಯಲು ಆರಂಭಿಸಿದುದು ಹನ್ನೆರಡು ತಿಂಗಳಿಗೂ ಮೀರಿದ ಮೇಲೆ, ಜುಲೈ ತಿಂಗಳಲ್ಲಿ. 1855ರಲ್ಲಿ ಪ್ರಕಟವಾಗಿ ಅವನಿಗೆ ಹೆಸರು ತಂದ ‘ದಿ ವಾರ್ಡನ್’ ಎಂಬ ಕಾದಂಬರಿಯೇ ಅದು. 1879ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವನು, ಕಥೆಗಾರನಿಗೆ ಬರೆಯುವುದಕ್ಕಿಂತ ಯೋಚಿಸುವುದೇ ಹೆಚ್ಚು ಕಷ್ಟವೆಂದೂ, ಅದಕ್ಕಾಗಿ ತಾನು ಕಾಡಿನ ಏಕಾಂತವನ್ನು ಅರಸುವೆನೆಂದೂ ತಿಳಿಸಿದ್ದಾನೆ. ಗಡಿಯಾರದ ಹಿಂದೆ ಕಾಡೊಂದಿತ್ತೆಂಬುದನ್ನು ನಾವು ಮರೆಯಬಾರದು.

ನಾಲ್ಕು ಹಂತಗಳು

ಈ ಅನುಭವ ಕಥೆಗಾರರಿಗೆ ಮಾತ್ರ ಮೀಸಲಾದುದಲ್ಲ. ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕಾರೆ 1908ರಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ತನ್ನ ಯೌವನದ ಒಂದು ಘಟನೆಯನ್ನು ಹೇಳಿದನು. ಒಂದು ಬಗೆಯ ಗಣಿತ ಫಲನಗಳ ವಿಷಯದಲ್ಲಿ ಅವನು ಹಗಲಿರುಳು ಶ್ರಮಿಸಿದ್ದನು. ಅನಂತರ ಭೂವಿಜ್ಞಾನದ ಪ್ರವಾಸವೊಂದಕ್ಕೆ ಹೊರಟಾಗ ಗಣಿತವೇ ಮರೆತುಹೋಯಿತು. ಕೂತಾನ್ಸ್ ಎಂಬ ಊರಿನಲ್ಲಿ ಕುದುರೆಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ, ಆ ಫಲನಗಳಿಗೂ ಯೂಕ್ಲಿಡನದಲ್ಲದ ಜ್ಯಾಮಿತಿಗೂ ಇರುವ ಸಂಬಂಧ ತಾನಾಗಿ ಹೊಳೆಯಿತು! ಊರಿಗೆ ಮರಳಿದ ಮೇಲೆ ಅವನು ಅದನ್ನು ಬಿಡುವಾಗಿ ಪರೀಕ್ಷಿಸಿದನು.

ಇಂತಹ ವೃತ್ತಾಂತಗಳನ್ನು ಆಧರಿಸಿ ಗ್ರಹಾಂ ವಾಲಸ್ ಎಂಬ ಇಂಗ್ಲಿಷ್ ವಿದ್ವಾಂಸನು 1926ರಲ್ಲಿ ಆಲೋಚನೆಯ ನಾಲ್ಕು ಹಂತಗಳನ್ನು ಗುರುತಿಸಿದನು. ಅವುಗಳನ್ನು ನಾವು ಸಿದ್ಧತೆ, ಕಾವು, ಹೊಳಹು, ಪರಿಶೀಲನೆ ಎಂದು ಕರೆಯಬಹುದು. ಎರಡನೆಯದೇ ಇಲ್ಲಿ ನಮ್ಮ ವಿಷಯ. ಕೋಳಿ ಕಾವಿಗೆ ಕೂತಾಗ ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿರುವಂತೆ ಕಾಣದು. ಆದರೂ ಒಳಗೆ ಮರಿ ಬೆಳೆಯುತ್ತಿರುತ್ತದೆ. ಮೊಟ್ಟೆಯೇ ಇಲ್ಲದ ಗೂಡಿನಲ್ಲಿ ಎಷ್ಟು ದಿನ ಕೂತರೂ ಪ್ರಯೋಜನವಿಲ್ಲವೆಂಬುದೂ ಅಷ್ಟೇ ನಿಜ.

ಮಿದುಳಿನ ಬಿಡುವು

ನಮ್ಮ ಮಿದುಳಿನ ತೂಕ ದೇಹದ ತೂಕದ ಸುಮಾರು 2 ಪಾಲು ಶೇಕಡ. ಆದರೆ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಶಕ್ತಿಯಲ್ಲಿ ಅದು ಸುಮಾರು ಶೇಕಡ 20ರಷ್ಟನ್ನು ತೆಗೆದುಕೊಳ್ಳುತ್ತದೆ. ನಾವು ಲೆಕ್ಕ ಬಿಡಿಸುವಾಗಲೂ ಸುಮ್ಮನೆ ಕೂತಾಗಲೂ ಈ ವೆಚ್ಚದಲ್ಲಿ ಹೆಚ್ಚಿನ ವ್ಯತ್ಯಾಸ ಕಂಡುಬರುವುದಿಲ್ಲ. ಅಮೆರಿಕದ ಮಾರ್ಕಸ್ ರೇಕಲ್ ಮತ್ತು ಸಂಗಡಿಗರು 2001ರಲ್ಲಿ, ಹೊರಗಿನ ಕೆಲಸದಲ್ಲಿ ತೊಡಗಿದಾಗ ಚಟುವಟಿಕೆ ತಗ್ಗಿ, ಬಿಡುವಿನಲ್ಲಿ ಹೆಚ್ಚುವ ಮಿದುಳಿನ ಭಾಗಗಳನ್ನು ಕುರಿತು ವಿವರಿಸಿದರು. ಹಳೆಯದನ್ನು ನೆನೆಯುವಾಗ, ಮುಂದಾಗುವುದನ್ನು ಕಲ್ಪಿಸುವಾಗ, ಇನ್ನೊಬ್ಬರ ಮನಸ್ಸಿನಲ್ಲಿ ಏನಿರಬಹುದೆಂದು ಊಹಿಸುವಾಗ ಇದೇ ಭಾಗಗಳು ಚುರುಕಾಗುತ್ತವೆಂದು ಅನಂತರದ ಸಂಶೋಧನೆಗಳು ತೋರಿಸಿವೆ. ನೆನಪು, ಕಲ್ಪನೆ, ಪರಚಿತ್ತದ ಊಹೆ—ಈ ಮೂರಿಲ್ಲದೆ ಕಾದಂಬರಿ ಹುಟ್ಟೀತೆ?

ಪ್ರಯೋಗಗಳ ಸಾಕ್ಷ್ಯ

ದೊಡ್ಡವರ ನೆನಪುಗಳನ್ನಷ್ಟೇ ನಂಬಿ ವಿಜ್ಞಾನ ಸುಮ್ಮನಿರಲಾರದು. ಸಮಸ್ಯೆಯನ್ನು ಸ್ವಲ್ಪಕಾಲ ಬದಿಗಿಟ್ಟರೆ ಲಾಭವಾಗುವುದೇ ಎಂಬ ಬಗ್ಗೆ ನಡೆದ 117 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ವಿಶ್ಲೇಷಿಸಿದಾಗ, ಲಾಭವುಂಟೆಂದು ಕಂಡುಬಂದಿತು. ಬದಿಗಿಡುವ ಮುನ್ನ ಹೆಚ್ಚು ಹೊತ್ತು ಶ್ರಮಿಸಿದವರಿಗೆ ಲಾಭವೂ ಹೆಚ್ಚು. ಪದಗಳ ಒಗಟುಗಳಲ್ಲಿಯಂತೂ ನಡುವಿನ ಬಿಡುವಿನಲ್ಲಿ ಭಾರವಾದ ಕೆಲಸಕ್ಕಿಂತ ಹಗುರವಾದ ಕೆಲಸವೇ ಮೇಲಾಗಿತ್ತು. ಕುಳಿತಾಗಿಗಿಂತ ನಡೆಯುವಾಗ ಹೊಸ ಹೊಸ ಕಲ್ಪನೆಗಳು ಹೆಚ್ಚಾಗಿ ಹೊಳೆಯುತ್ತವೆಂಬುದನ್ನು 2014ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಯೋಗಗಳು ತೋರಿಸಿದವು.

ಹೀಗಾಗುವುದೇಕೆ? ನಮ್ಮ ಅರಿವಿಗೆ ಬಾರದೆ ಮನಸ್ಸು ಕೆಲಸವನ್ನು ಮುಂದುವರಿಸುತ್ತದೆಂದು ಕೆಲವರ ಮತ. ಮೊದಲು ಹಿಡಿದ ತಪ್ಪು ದಾರಿ ಮರೆತುಹೋಗುವುದರಿಂದ ಸರಿಯಾದ ದಾರಿ ಕಾಣುತ್ತದೆಂದು ಮತ್ತೆ ಕೆಲವರ ವಾದ. ಈ ಚರ್ಚೆ ಇನ್ನೂ ಮುಗಿದಿಲ್ಲ. ಕಾರಣ ಯಾವುದೇ ಇರಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಹಿಂದಿನದರ ಎಳೆ ಗಮನಕ್ಕೆ ಅಂಟಿಕೊಂಡೇ ಉಳಿದು ಮುಂದಿನದನ್ನು ಕೆಡಿಸುತ್ತದೆಂಬುದು 2009ರ ಇನ್ನೊಂದು ಸಂಶೋಧನೆಯಿಂದ ತಿಳಿದುಬಂದಿದೆ. ಆದುದರಿಂದ ಐದು ನಿಮಿಷದ ಬಿಡುವನ್ನು ಹತ್ತು ಸುದ್ದಿಗಳಿಂದ ತುಂಬಿಕೊಂಡವರು ಬಿಡುವನ್ನೂ ಕಳೆದುಕೊಳ್ಳುವರು, ಕಥೆಯ ಎಳೆಯನ್ನೂ ಕಳೆದುಕೊಳ್ಳುವರು.

ಮಾಡಿ ನೋಡಿ

ನಮ್ಮ ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಕಥೆಯಾಗಲಿ ಪ್ರಬಂಧವಾಗಲಿ, ಎಲ್ಲಿ ನಿಂತಿತೋ ಅಲ್ಲಿ ಎದುರಾದ ತೊಡಕನ್ನು ಒಂದೇ ವಾಕ್ಯದ ಪ್ರಶ್ನೆಯಾಗಿ ಬರೆದಿಡಿ. ಕನಿಷ್ಠ ಅರ್ಧ ಗಂಟೆ ಅದರೊಡನೆ ಸೆಣಸಾಡಿ, ಇದು ಸಿದ್ಧತೆ. ಅನಂತರ ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ಇಪ್ಪತ್ತು ನಿಮಿಷ ಪರಿಚಿತವಾದ ದಾರಿಯಲ್ಲಿ ನಡೆಯಿರಿ. ನಡೆಯಲು ಅನುಕೂಲವಿಲ್ಲದವರು ಪಾತ್ರೆ ತೊಳೆಯಬಹುದು, ಗಿಡಗಳಿಗೆ ನೀರು ಹಾಕಬಹುದು. ಉತ್ತರಕ್ಕಾಗಿ ಮನಸ್ಸನ್ನು ಪೀಡಿಸಬೇಡಿ. ಮರಳಿದೊಡನೆ ಹೊಳೆದುದನ್ನು ಬರೆದುಕೊಂಡು, ಅದು ಕಥೆಗೆ ಹೊಂದುವುದೇ ಎಂದು ಪರಿಶೀಲಿಸಿ. ಮತ್ತೊಂದು ವಾರ ನಡುವಿನ ಬಿಡುವನ್ನು ಮೊಬೈಲಿನಲ್ಲಿ ಕಳೆದು, ಎರಡು ವಾರಗಳ ಟಿಪ್ಪಣಿಗಳನ್ನು ಹೋಲಿಸಿ. ಒಬ್ಬರ ಅನುಭವದಿಂದ ಸಿದ್ಧಾಂತ ಸ್ಥಾಪಿತವಾಗದು. ಆದರೆ ನಿಮ್ಮ ಮನಸ್ಸಿನ ರೀತಿಯನ್ನು ನೀವು ಅರಿಯಲು ಅದು ಸಾಕು.

ಮೌನವಾಗಿದ್ದ ಮಾತ್ರಕ್ಕೆ ಕಾದಂಬರಿ ಹುಟ್ಟುತ್ತದೆಂದು ಯಾರೂ ಭಾವಿಸಬಾರದು. ಸೇತುವೆಯ ಮೇಲೆ ನಿಂತ ಟ್ರಾಲೊಪನೇ ಮುಂಜಾನೆ ಎದ್ದು ಮೇಜಿನ ಮುಂದೆಯೂ ಕುಳಿತನು; ದಿನದ ಉಳಿದ ಹೊತ್ತಿನಲ್ಲಿ ಅಂಚೆಯ ಕೆಲಸವನ್ನೂ ಮಾಡಿದನು. ಬಿಡುವು ತಾನಾಗಿ ಅವನ ಬಳಿಗೆ ಬರಲಿಲ್ಲ, ಅವನೇ ಅದನ್ನು ಮಾಡಿಕೊಂಡನು. ಓದು, ಪರೀಕ್ಷೆ, ಮನೆಗೆಲಸಗಳ ನಡುವೆ ಬರೆಯುವ ನಮ್ಮ ವಿದ್ಯಾರ್ಥಿನಿಗೂ ದಿನಕ್ಕೆ ಅರ್ಧ ಗಂಟೆ ಹಾಗೆ ದೊರಕಲಿ. ಆಕೆ ಕಿಟಕಿಯಾಚೆ ನೋಡುತ್ತ ಕುಳಿತಾಗ ಮನೆಯವರು ಆಕೆಯನ್ನು ಕೂಗದಿದ್ದರೆ, ಐದನೆಯ ಅಧ್ಯಾಯಕ್ಕೆ ಅವರೂ ನೆರವಾದಂತೆಯೇ ಸರಿ.