ಸಾರಸ ಎಂದರೆ ಕೆರೆಯ ಹಕ್ಕಿ

ಮಕ್ಕಳೇ, ಸೇತುವೆ ಕಟ್ಟುವ ಕಡೆ ಅಥವಾ ಮಗುಚಿಬಿದ್ದ ಲಾರಿಯನ್ನು ಎತ್ತುವ ಕಡೆ ನೀವು ಕ್ರೇನ್ ನೋಡಿರುತ್ತೀರಿ. ಕ್ರೇನ್ ಎಂಬ ಹೆಸರು ಮೊದಲು ಇದ್ದದ್ದು ಯಂತ್ರಕ್ಕಲ್ಲ, ಒಂದು ಹಕ್ಕಿಗೆ. ಯಂತ್ರದ ಉದ್ದನೆಯ ತೋಳು ಆ ಹಕ್ಕಿಯ ಕತ್ತಿನಂತೆ ಕಂಡದ್ದರಿಂದ ಅದಕ್ಕೂ ಅದೇ ಹೆಸರು ಬಂದಿತು.

ಇಂಗ್ಲಿಷ್ ಪಾಠದಲ್ಲಿ ಕ್ರೇನ್ ಎಂಬ ಪದ ಬಂದರೆ ನಾವು ಥಟ್ಟನೆ ‘ಕೊಕ್ಕರೆ’ ಎಂದು ಅರ್ಥ ಬರೆದುಕೊಳ್ಳುತ್ತೇವೆ. ತೊಡಕು ಇರುವುದು ಇಲ್ಲಿಯೇ. ಉದ್ದ ಕಾಲು, ಉದ್ದ ಕೊಕ್ಕಿನ ನೀರುಹಕ್ಕಿಗಳನ್ನೆಲ್ಲ ಕೊಕ್ಕರೆ ಎನ್ನುವುದು ನಮ್ಮಲ್ಲಿ ರೂಢಿ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಸ್ಟಾರ್ಕ್ ಎಂಬ ಬೇರೆ ಗುಂಪಿಗೆ ಸೇರಿದ್ದು. ಹಾಗಾದರೆ ಕ್ರೇನ್ ಯಾವುದು? ಭಾರತದ ಬಯಲು ಸೀಮೆಯಲ್ಲಿ ವರ್ಷವಿಡೀ ಇದ್ದು ಇಲ್ಲಿಯೇ ಮರಿ ಮಾಡುವ ಕ್ರೇನ್ ಒಂದೇ. ಅದರ ಹೆಸರು ಸಾರಸ. ನಮ್ಮ ಊರಿನ ಕೆರೆಗಳಲ್ಲಿ ಅದು ಸಿಗದು. ಅದನ್ನು ನೋಡಲು ಉತ್ತರ ಪ್ರದೇಶ, ರಾಜಸ್ಥಾನ, ಗುಜರಾತ್ ಕಡೆಗೆ ಹೋಗಬೇಕು.

ಹಕ್ಕಿ ದೂರದ್ದಾದರೂ ಅದರ ಹೆಸರು ನಮಗೆ ಹತ್ತಿರದ್ದೇ. ಸಂಸ್ಕೃತದಲ್ಲಿ ‘ಸರಸ್’ ಎಂದರೆ ಕೆರೆ. ‘ಮನಸ್’ನಿಂದ ‘ಮಾನಸ’ ಆದಂತೆ ‘ಸರಸ್’ನಿಂದ ‘ಸಾರಸ’ ಆಯಿತು. ಎಂದರೆ, ಕೆರೆಗೆ ಸೇರಿದ್ದು. ಸರೋವರ, ಸರೋಜ, ಸರಸಿಜ ಎಂಬ ಪದಗಳಲ್ಲಿಯೂ ಅದೇ ‘ಸರಸ್’ ಇದೆ. ತಾವರೆಯೂ ಕೆರೆಯದೇ ಅಲ್ಲವೇ? ಅದಕ್ಕೇ ಹಳೆಯ ಕಾವ್ಯಗಳಲ್ಲಿ ತಾವರೆಯನ್ನೂ ಸಾರಸ ಎಂದು ಕರೆದದ್ದುಂಟು. ಆದರೆ ತಮಾಷೆ ಎಂಬ ಅರ್ಥದ ‘ಸರಸ’ ಬೇರೆ ಪದ. ಅದನ್ನು ಇದರ ಜೊತೆ ಬೆರೆಸಬೇಡಿ. ಇಂಗ್ಲಿಷಿನವರು ಇದನ್ನು ‘ಸಾರಸ್ ಕ್ರೇನ್’ ಎನ್ನುತ್ತಾರೆ. ‘ಸಾರಸ್’ ಲ್ಯಾಟಿನ್ ಪದದಂತೆ ಕೇಳಿಸಬಹುದು. ಅದು ನಮ್ಮ ಸಾರಸವೇ, ಹಿಂದಿಯ ಮೂಲಕ ಅಲ್ಲಿಗೆ ಹೋದದ್ದು.

ಸಾರಸ ನಿಂತರೆ ಎತ್ತರದ ಮನುಷ್ಯನಷ್ಟು, ಅಂದರೆ ಸುಮಾರು 1.8 ಮೀಟರಿನವರೆಗೂ ಇರುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಎತ್ತರದ್ದು ಇನ್ನೊಂದಿಲ್ಲ. ಮೈ ಬೂದು ಬಣ್ಣ, ತಲೆ ಮತ್ತು ಕತ್ತಿನ ಮೇಲ್ಭಾಗ ಕೆಂಪು. ಇದರ ಹಿಂಬೆರಳು ಚಿಕ್ಕದು, ನೆಲಕ್ಕೆ ತಾಗದಷ್ಟು ಮೇಲಿರುತ್ತದೆ. ಆದ್ದರಿಂದ ಕೊಂಬೆಯನ್ನು ಹಿಡಿದು ಮರದ ಮೇಲೆ ಕೂರಲಾರದು. ಗೂಡೇನಿದ್ದರೂ ಆಳವಿಲ್ಲದ ನೀರಿನಲ್ಲಿ, ಜೊಂಡುಹುಲ್ಲಿನ ದೊಡ್ಡ ಗುಡ್ಡೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಹೆಸರಿನಲ್ಲಿ ಕೆರೆ ಇರುವುದು ಸುಮ್ಮನೆ ಅಲ್ಲ ನೋಡಿ! ಗಂಡು ಹೆಣ್ಣು ಜೊತೆಯಾಗಿ ಕತ್ತೆತ್ತಿ ಕೂಗಿದರೆ ಕಹಳೆ ಊದಿದಂತೆ ಬಹು ದೂರ ಕೇಳಿಸುತ್ತದೆ. ಸುಮಾರು 400 ವರ್ಷಗಳ ಹಿಂದೆ ಮೊಘಲ್ ದೊರೆ ಜಹಾಂಗೀರ್ ಒಂದು ಜೋಡಿಯನ್ನು ಸಾಕಿ, ಲೈಲಾ, ಮಜ್ನೂ ಎಂದು ಹೆಸರಿಟ್ಟಿದ್ದ. ಅವು ಮೊಟ್ಟೆಯಿಟ್ಟು ಕಾವು ಕೂತದ್ದನ್ನು ಗಮನಿಸಿ ತನ್ನ ಆತ್ಮಕಥೆಯಲ್ಲಿ ಬರೆದ. ದೊರೆಯಾದರೂ ಒಳ್ಳೆಯ ವಿದ್ಯಾರ್ಥಿಯ ಕೆಲಸ ಮಾಡಿದ!

ವಿಜ್ಞಾನಿಗಳು ಇಟ್ಟ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ‘ಆಂಟಿಗೋನ್’ ಎಂಬ ಹೆಸರು ಕೊಟ್ಟನು. ಆಂಟಿಗೋನ್ ಗ್ರೀಕರ ಪುರಾಣದ ಒಬ್ಬ ರಾಜಕುಮಾರಿ. ದೇವತೆಯ ಕೋಪಕ್ಕೆ ಗುರಿಯಾಗಿ ಹಕ್ಕಿಯಾದವಳು. ಆದರೆ ಕಥೆಯಲ್ಲಿ ಆಕೆ ಆದದ್ದು ಸ್ಟಾರ್ಕ್, ಕ್ರೇನ್ ಅಲ್ಲ! ಹೆಸರುಗಳ ಗೊಂದಲ ನಮ್ಮೊಬ್ಬರದೇ ಅಲ್ಲ.

ಉತ್ತರ ಪ್ರದೇಶದಲ್ಲಿ ಸಾರಸ ರಾಜ್ಯಪಕ್ಷಿ. ಅಲ್ಲಿನ ಇಟಾವಾ ಜಿಲ್ಲೆಯಲ್ಲಿ ‘ಸರ್ಸಾಯಿ ನಾವರ್’ ಎಂಬ ಕೆರೆಯಿದೆ. ಅದಕ್ಕೆ ಆ ಹೆಸರು ಬಂದದ್ದು ಸಾರಸದಿಂದಲೇ. ಕೆರೆಯಿಂದ ಹಕ್ಕಿಗೆ ಹೆಸರು, ಹಕ್ಕಿಯಿಂದ ಮತ್ತೆ ಕೆರೆಗೆ ಹೆಸರು! 2019ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆ, ಜೌಗು ನೆಲಗಳನ್ನು ಉಳಿಸಲು 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಹಲವು ದೇಶಗಳು ಒಪ್ಪಂದ ಮಾಡಿಕೊಂಡವು. ಆ ಒಪ್ಪಂದದ ಪಟ್ಟಿಯೇ ಇದು.

ಆದರೆ ಎಲ್ಲ ಜೌಗು ನೆಲಗಳೂ ಹಾಗೆ ಉಳಿದಿಲ್ಲ. ಎಷ್ಟೋ ಕಡೆ ನೀರನ್ನು ಬಸಿದು ಹೊಲ ಮಾಡಿದ್ದಾರೆ, ಮನೆ ಕಟ್ಟಿದ್ದಾರೆ. ಹಾಗಾಗಿ ಸಾರಸಗಳು ಭತ್ತದ ಗದ್ದೆಗಳಲ್ಲಿಯೂ ಗೂಡು ಮಾಡುತ್ತವೆ. ಸ್ವಲ್ಪ ಪೈರು ಹಾಳಾದರೂ ಅಲ್ಲಿನ ಅನೇಕ ರೈತರು ಗೂಡನ್ನು ಮುಟ್ಟುವುದಿಲ್ಲ. ಕೀಟನಾಶಕ ಮತ್ತು ವಿದ್ಯುತ್ ತಂತಿಗಳಿಂದ ಮಾತ್ರ ಅವಕ್ಕೆ ಅಪಾಯ ತಪ್ಪಿದ್ದಲ್ಲ. ಅಳಿವಿನ ಭೀತಿ ಇರುವ ಹಕ್ಕಿಗಳ ಪಟ್ಟಿಯಲ್ಲಿ ಸಾರಸವೂ ಇದೆ.

ಮಾಡಿ ನೋಡಿ: ನಿಮ್ಮೂರಿನ ಕೆರೆ ಅಥವಾ ಗದ್ದೆಯ ಬಳಿ ಉದ್ದ ಕಾಲಿನ ಹಕ್ಕಿಗಳು ಹಾರುವುದನ್ನು ಗಮನಿಸಿ. ಕತ್ತನ್ನು ಮಡಚಿಕೊಂಡು ಹಾರಿದರೆ ಅದು ಬೆಳ್ಳಕ್ಕಿಯ ಬಳಗ. ನೇರವಾಗಿ ಚಾಚಿಕೊಂಡು ಹಾರಿದರೆ ಬಣ್ಣದ ಕೊಕ್ಕರೆಯಂಥ ಹಕ್ಕಿ ಇರಬಹುದು. ಸಾರಸ ಹಾರುವುದೂ ಹೀಗೆಯೇ, ಕತ್ತು ಚಾಚಿ. ಪ್ರತಿ ಹಕ್ಕಿಗೂ ನಿಮ್ಮೂರಿನಲ್ಲಿ ಏನೆನ್ನುತ್ತಾರೆಂದು ಅಜ್ಜ, ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಒಂದೇ ಹಕ್ಕಿಗೆ ಎರಡು ಮೂರು ಹೆಸರು ಸಿಕ್ಕರೆ ಯಾವುದನ್ನೂ ಬಿಡದೆ ಎಲ್ಲವನ್ನೂ ಬರೆಯಿರಿ.